ಕ್ಲೇಮ್ ವಿಭಾಗದ ಕೆಲಸಕ್ಕೆ ಎಕ್ಸೆಲ್ ಕಲಿಯಬೇಕು: ಎಲ್ಲಿಂದ ಶುರು ಮಾಡಲಿ?

ಹೊಸ ಮೇಜು

ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗ ಸೇರಿ ಏಳು ವಾರವಾಯಿತು. ಕಾಲೇಜಿನಲ್ಲಿ ಓದಿದ್ದು ಇತಿಹಾಸ. ಎಕ್ಸೆಲ್‌ನಲ್ಲಿ ಅಂಕಿಗಳನ್ನು ಕೂಡುವುದು, ಸಾಲುಗಳಿಗೆ ಬಣ್ಣ ಹಚ್ಚುವುದು ಬಿಟ್ಟರೆ ಹೆಚ್ಚೇನೂ ಬಾರದು. ಪ್ರತಿ ಸೋಮವಾರ ನನಗೆ ಎರಡು ಫೈಲುಗಳು ಬರುತ್ತವೆ. ಒಂದರಲ್ಲಿ ಪಾಲಿಸಿಗಳು, ಇನ್ನೊಂದರಲ್ಲಿ ಕ್ಲೇಮುಗಳು. ಎರಡನ್ನೂ ಹೊಂದಿಸಿ ವಾಹನ, ಆರೋಗ್ಯ, ಬೆಂಕಿ ಎಂದು ಬಗೆವಾರು ಎಷ್ಟು ಪ್ರೀಮಿಯಂ ಬಂತು, ಎಷ್ಟು ಕ್ಲೇಮ್ ಹೋಯಿತು ಎಂಬ ಪಟ್ಟಿಯನ್ನು ಮಧ್ಯಾಹ್ನದೊಳಗೆ ಕೊಡಬೇಕು.

ನನಗಿಂತ ಮೊದಲು ಇದ್ದವರು ಬಿಟ್ಟುಹೋದ ಒಂದು ಫೈಲಿದೆ. ಅದರಲ್ಲಿ ಎರಡನ್ನೂ ಅಂಟಿಸಿದರೆ ಉತ್ತರ ಬರುತ್ತದೆ. ಹೇಗೆ ಬರುತ್ತದೆ ಎಂಬುದು ನನಗೆ ತಿಳಿಯದು. ಕಳೆದ ವಾರ ನನ್ನ ಒಟ್ಟು ಪ್ರೀಮಿಯಂ ಲೆಕ್ಕಪತ್ರ ವಿಭಾಗದ ಅಂಕಿಗಿಂತ ಬಹಳ ಹೆಚ್ಚು ಬಂತು. ಮೂರು ಗಂಟೆ ಹುಡುಕಿದರೂ ಕಾರಣ ಸಿಗಲಿಲ್ಲ. ಕೊನೆಗೆ ಹಿರಿಯರೊಬ್ಬರು ತಮ್ಮ ಪಟ್ಟಿಯನ್ನೇ ಕಳುಹಿಸಿದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ತರಬೇತಿ ವಿಡಿಯೊಗಳಲ್ಲಿ ನೂರಾರು ಸೂತ್ರಗಳಿವೆ. ವಿಮೆಯ ಕೆಲಸಕ್ಕೆ ನಿಜಕ್ಕೂ ಬೇಕಾದವು ಯಾವುವು? ಅನುಭವಸ್ಥರು ದಯವಿಟ್ಟು ತಿಳಿಸಿ.

ಹಳೆಯ ಲೆಡ್ಜರ್

ಸೂತ್ರಗಳ ಮಾತು ಆಮೇಲೆ. ನಿಮ್ಮ ಪ್ರೀಮಿಯಂ ಏಕೆ ಹೆಚ್ಚಾಯಿತು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಕಲಿಯಬೇಕಾದ ಮುಖ್ಯ ಪಾಠ ಅದರಲ್ಲೇ ಇದೆ.

ನನ್ನ ಊಹೆ ಇದು. ಆ ಹಳೆಯ ಫೈಲು ಕ್ಲೇಮ್ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ಪ್ರತಿ ಕ್ಲೇಮಿನ ಪಕ್ಕಕ್ಕೆ ವಿಲುಕಪ್ (ಇನ್ನೊಂದು ಪಟ್ಟಿಯಲ್ಲಿ ಹುಡುಕಿ ತರುವ ಸೂತ್ರ) ಮೂಲಕ ಆ ಪಾಲಿಸಿಯ ಪ್ರೀಮಿಯಂ ತಂದು ಕೂಡುತ್ತಿರಬೇಕು. ಒಂದು ಆರೋಗ್ಯ ಪಾಲಿಸಿಯ ಪ್ರೀಮಿಯಂ 12,000 ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಅದರ ಮೇಲೆ ಮೂರು ಕ್ಲೇಮ್ ಬಂದಿವೆ. ಕ್ಲೇಮ್ ಪಟ್ಟಿಯಲ್ಲಿ ಆ ಪಾಲಿಸಿಗೆ ಮೂರು ಸಾಲು, ಮೂರರ ಪಕ್ಕದಲ್ಲೂ 12,000. ಕೂಡಿದರೆ 36,000. ಬಂದದ್ದು 12,000 ಮಾತ್ರ. ಇದರ ಜೊತೆಗೆ, ಒಂದೂ ಕ್ಲೇಮ್ ಮಾಡದ ಪಾಲಿಸಿಗಳು ಆ ಪಟ್ಟಿಗೆ ಬರುವುದೇ ಇಲ್ಲ, ಹಾಗಾಗಿ ಅವುಗಳ ಪ್ರೀಮಿಯಂ ಪೂರ್ತಿ ಬಿಟ್ಟುಹೋಗುತ್ತದೆ. ಒಂದು ತಪ್ಪು ಮೊತ್ತವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಕೆಲವು ವಾರ ಎರಡೂ ಒಂದನ್ನೊಂದು ಮುಚ್ಚಿಕೊಂಡು ಒಟ್ಟು ಮೊತ್ತ ಸರಿ ಇರುವಂತೆಯೇ ಕಾಣುತ್ತದೆ. ನನಗೆ ಹೆಚ್ಚು ಭಯ ಆ ವಾರಗಳದ್ದೇ.

ಪರಿಹಾರ ಸುಲಭ. ಪಾಲಿಸಿ ಪಟ್ಟಿಯನ್ನು ಆಧಾರ ಮಾಡಿಕೊಳ್ಳಿ. ಪ್ರತಿ ಪಾಲಿಸಿಯ ಪಕ್ಕದಲ್ಲಿ ಸಮ್‌ಇಫ್ಸ್ ಬಳಸಿ ಆ ಪಾಲಿಸಿ ಸಂಖ್ಯೆಯ ಎಲ್ಲ ಕ್ಲೇಮ್ ಮೊತ್ತಗಳನ್ನು ಕೂಡಿ ತನ್ನಿ. ಕ್ಲೇಮ್ ಇಲ್ಲದ ಕಡೆ ಸೊನ್ನೆ ಬರುತ್ತದೆ, ಪ್ರೀಮಿಯಂ ಒಂದೇ ಸಲ ಎಣಿಕೆಯಾಗುತ್ತದೆ.

ಯಾವ ಫೈಲು ಕೈಗೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು: ಇಲ್ಲಿ ಒಂದು ಸಾಲು ಎಂದರೆ ಏನು? ಒಂದು ಪಾಲಿಸಿಯೇ, ಒಂದು ಕ್ಲೇಮೇ, ಒಂದು ಪಾವತಿಯೇ, ಅಥವಾ ಪಾಲಿಸಿಗೆ ಮಾಡಿದ ಒಂದು ತಿದ್ದುಪಡಿಯೇ? ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ನಾನು ಕಂಡ ದೊಡ್ಡ ತಪ್ಪುಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯನ್ನು ಯಾರೂ ಕೇಳದೆ ಹೋದದ್ದರಿಂದ ಆದವು.

ಹೊಸ ಮೇಜು

ನೀವು ಹೇಳಿದಂತೆಯೇ ಇತ್ತು! ಸೂತ್ರ ತೆರೆದು ನೋಡಿದೆ, ವಿಲುಕಪ್ ಕ್ಲೇಮ್ ಶೀಟಿನಲ್ಲಿಯೇ ಇದೆ. ಒಂದೇ ಪಾಲಿಸಿ ಸಂಖ್ಯೆ ಐದು ಸಲ ಬಂದಿರುವ ಕಡೆ ಪ್ರೀಮಿಯಂ ಐದು ಸಲ ಕೂಡಿದೆ. ಸಮ್‌ಇಫ್ಸ್ ಬರೆದು ಪಟ್ಟಿಯನ್ನು ತಿರುಗಿಸಿದೆ, ವ್ಯತ್ಯಾಸ ಬಹುತೇಕ ಹೋಯಿತು. ಆದರೆ ಇನ್ನೂ ಸ್ವಲ್ಪ ಉಳಿದಿದೆ, ಮತ್ತು ಈಗ ಕ್ಲೇಮಿನ ಮೊತ್ತ ಹೆಚ್ಚು ತೋರಿಸುತ್ತಿದೆ. ನಮ್ಮ ಪಾಲಿಸಿ ಸಂಖ್ಯೆಗಳಲ್ಲಿ 16 ಅಂಕಿಗಳಿವೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ದತ್ತಾಂಶ ಶುಚಿ

ಇದೆ, ಖಂಡಿತ ಇದೆ. ಎಕ್ಸೆಲ್ ಸಂಖ್ಯೆಗಳಲ್ಲಿ ಮೊದಲ 15 ಅಂಕಿಗಳನ್ನು ಮಾತ್ರ ನಿಖರವಾಗಿ ಉಳಿಸಿಕೊಳ್ಳುತ್ತದೆ. ಹದಿನಾರನೆಯದು ಸೊನ್ನೆಯಾಗುತ್ತದೆ. ಸಿಎಸ್‌ವಿ ಫೈಲನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿ ಪಠ್ಯದ ಫೈಲು) ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಈ ಹಾನಿ ಸದ್ದಿಲ್ಲದೆ ಆಗಿಬಿಡುತ್ತದೆ. ಮುಂದಿರುವ ಸೊನ್ನೆಗಳೂ ಉದುರುತ್ತವೆ. ಒಮ್ಮೆ ಹಾಗೆ ತೆರೆದು ಉಳಿಸಿದರೆ ಹೋದ ಅಂಕಿ ಮರಳಿ ಬರುವುದಿಲ್ಲ, ಮೂಲ ಫೈಲನ್ನೇ ಮತ್ತೆ ತರಿಸಿಕೊಳ್ಳಬೇಕು. ಆದ್ದರಿಂದ ಡೇಟಾ ಮೆನುವಿನಿಂದ ಆಮದು ಮಾಡಿಕೊಳ್ಳಿ, ಪಾಲಿಸಿ ಸಂಖ್ಯೆಯ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ.

ಇನ್ನೊಂದು ಸೂಕ್ಷ್ಮವಿದೆ. ಸಂಖ್ಯೆಯನ್ನು ಪಠ್ಯವಾಗಿಯೇ ಸರಿಯಾಗಿ ಉಳಿಸಿದ್ದರೂ ಸಮ್‌ಇಫ್ಸ್ ಮತ್ತು ಕೌಂಟ್‌ಇಫ್ ಹೋಲಿಸುವಾಗ ಅದನ್ನು ಸಂಖ್ಯೆಯೆಂದೇ ಭಾವಿಸುತ್ತವೆ. ಕೊನೆಯ ಅಂಕಿ ಮಾತ್ರ ಬೇರೆಯಾಗಿರುವ ಎರಡು ಪಾಲಿಸಿಗಳು ಅವುಗಳ ಕಣ್ಣಿಗೆ ಒಂದೇ! ಒಬ್ಬರ ಕ್ಲೇಮ್ ಇನ್ನೊಬ್ಬರ ಖಾತೆಗೂ ಸೇರಿಬಿಡುತ್ತದೆ. ನಿಮಗೆ ಕ್ಲೇಮ್ ಮೊತ್ತ ಹೆಚ್ಚಾಗಿರುವುದು ಇದರಿಂದಲೇ ಇರಬಹುದು. ನಾನು ಮಾಡುವ ಉಪಾಯ: ಎರಡೂ ಶೀಟುಗಳಲ್ಲಿ ಒಂದು ಸಹಾಯಕ ಕಾಲಂ ಮಾಡಿ, ಪಾಲಿಸಿ ಸಂಖ್ಯೆಯ ಮುಂದೆ ಒಂದು ಅಕ್ಷರ ಅಂಟಿಸಿ, ಆ ಕಾಲಂ ಮೇಲೆ ಹೊಂದಿಸುವುದು. ಅಕ್ಷರ ಸೇರಿದ ಕೂಡಲೇ ಎಕ್ಸೆಲ್ ಅದನ್ನು ಪಠ್ಯವಾಗಿಯೇ ಪೂರ್ತಿ ಹೋಲಿಸುತ್ತದೆ.

ಜೊತೆಗೆ ಟ್ರಿಮ್ ಸೂತ್ರವನ್ನೂ ಹಾಕಿ. ಸಂಖ್ಯೆಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇದ್ದರೂ ಎರಡು ಕಡೆಯವು ಹೊಂದುವುದಿಲ್ಲ.

ಪಿವೋಟ್ ಪ್ರಿಯ

ಒಂದೊಂದೇ ಸೂತ್ರ ಕಲಿಯುತ್ತಾ ಹೋದರೆ ವರ್ಷ ಕಳೆಯುತ್ತದೆ. ನನ್ನ ಸಲಹೆ ಬೇರೆ. ಉದ್ದ ಪಟ್ಟಿಯನ್ನು ಬಗೆವಾರು ಕೂಡಿ ತೋರಿಸುವ ಪಿವೋಟ್ ಟೇಬಲ್ ಮತ್ತು ಪವರ್ ಕ್ವೆರಿ, ಇವೆರಡನ್ನು ಮೊದಲು ಹಿಡಿಯಿರಿ. 2016ರ ಆವೃತ್ತಿಯಿಂದ ಪವರ್ ಕ್ವೆರಿ ಎಕ್ಸೆಲ್‌ನ ಒಳಗೇ ಇದೆ. ಪ್ರತಿ ಸೋಮವಾರ ನೀವು ಮಾಡುವ ಅಂಟಿಸುವಿಕೆ, ಅಳಿಸುವಿಕೆ, ಕಾಲಂ ಬದಲಾವಣೆಗಳನ್ನೆಲ್ಲ ಅದು ಹಂತಹಂತವಾಗಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ವಾರ ಹೊಸ ಫೈಲನ್ನು ಅದೇ ಜಾಗದಲ್ಲಿಟ್ಟು ರಿಫ್ರೆಶ್ ಒತ್ತಿದರೆ ಸಾಕು. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಹಳೆಯ ಲೆಡ್ಜರ್

ಪವರ್ ಕ್ವೆರಿಯ ಬಲವನ್ನು ನಾನೂ ಒಪ್ಪುತ್ತೇನೆ, ದಿನವೂ ಬಳಸುತ್ತೇನೆ. ಆದರೆ ಕಲಿಯುವವರಿಗೆ ಅದನ್ನೇ ಮೊದಲು ಕೊಡುವುದನ್ನು ಒಪ್ಪಲಾರೆ. ಅಲ್ಲಿಯೂ ಪಾಲಿಸಿ ಪಟ್ಟಿಗೆ ಕ್ಲೇಮ್ ಪಟ್ಟಿಯನ್ನು ಮರ್ಜ್ ಮಾಡಿ, ಅಂದರೆ ಜೋಡಿಸಿ, ಬಿಡಿಸಿದರೆ, ಮೂರು ಕ್ಲೇಮಿರುವ ಪಾಲಿಸಿ ಮೂರು ಸಾಲಾಗುತ್ತದೆ, ಪ್ರೀಮಿಯಂ ಮೂರು ಸಲ ಬರುತ್ತದೆ. ಅದೇ 36,000. ಕ್ಲೇಮುಗಳನ್ನು ಮೊದಲು ಪಾಲಿಸಿವಾರು ಗುಂಪು ಮಾಡಿ ಕೂಡಿ, ಆಮೇಲೆ ಮರ್ಜ್ ಮಾಡಬೇಕು. ಇದನ್ನು ಕೈಯಾರೆ ಒಮ್ಮೆ ಹತ್ತು ಸಾಲುಗಳ ಶೀಟಿನಲ್ಲಿ ಮಾಡಿ ನೋಡಿದವರಿಗೆ ಮಾತ್ರ ಆ ಹಂತ ಏಕೆ ಬೇಕೆಂಬುದು ಹೊಳೆಯುತ್ತದೆ. ಗೊತ್ತಿಲ್ಲದವರ ಕೈಯಲ್ಲಿ ರಿಫ್ರೆಶ್ ಗುಂಡಿ ತಪ್ಪನ್ನೇ ಪ್ರತಿ ವಾರ ವೇಗವಾಗಿ ಮಾಡಿಕೊಡುತ್ತದೆ.

ಪಿವೋಟ್ ಪ್ರಿಯ

ಗುಂಪು ಮಾಡಿ ಮರ್ಜ್ ಮಾಡುವ ಮಾತು ಸರಿ, ಅದನ್ನು ನಾನು ಹೇಳಬೇಕಿತ್ತು. ಆದರೂ ಪಿವೋಟ್ ಟೇಬಲನ್ನು ಮೊದಲ ವಾರವೇ ಕಲಿಸಬೇಕು ಎಂಬ ಮಾತನ್ನು ಬಿಡುವುದಿಲ್ಲ, ಏಕೆಂದರೆ ಕ್ಲೇಮ್ ಅನುಪಾತದಲ್ಲಿ (ಪ್ರೀಮಿಯಮ್ಮಿನ ಶೇಕಡಾ ಎಷ್ಟು ಕ್ಲೇಮಿಗೆ ಹೋಯಿತು ಎಂಬ ಲೆಕ್ಕ) ಆಗುವ ಒಂದು ತಪ್ಪನ್ನು ಅದು ಸುಲಭವಾಗಿ ತಪ್ಪಿಸುತ್ತದೆ.

ಬೆಂಕಿ ವಿಮೆಯಲ್ಲಿ ಪ್ರೀಮಿಯಂ 900, ಕ್ಲೇಮ್ 540. ಅನುಪಾತ ಶೇ 60. ವಾಹನ ವಿಮೆಯಲ್ಲಿ ಪ್ರೀಮಿಯಂ 100, ಕ್ಲೇಮ್ 120. ಅನುಪಾತ ಶೇ 120. ಒಟ್ಟು ಎಷ್ಟು ಎಂದು ಕೇಳಿದಾಗ ಎರಡರ ಸರಾಸರಿ ತೆಗೆದು ಶೇ 90 ಎಂದು ಬರೆದುಕೊಟ್ಟವರನ್ನು ನೋಡಿದ್ದೇನೆ. ನಿಜವಾದ ಉತ್ತರ 660 ಭಾಗಿಸು 1,000, ಅಂದರೆ ಶೇ 66. ಶೇ 90ಕ್ಕೂ ಶೇ 66ಕ್ಕೂ ನಡುವೆ ದರ ಏರಿಸಬೇಕೇ ಬೇಡವೇ ಎಂಬ ನಿರ್ಧಾರವೇ ಬದಲಾಗುತ್ತದೆ. ಮೂಲ ಪಟ್ಟಿಯಲ್ಲಿ ಅನುಪಾತದ ಕಾಲಂ ಮಾಡಿ ಪಿವೋಟ್‌ನಲ್ಲಿ ಅದರ ಸರಾಸರಿ ತೆಗೆದರೆ ಇದೇ ತಪ್ಪು ಬರುತ್ತದೆ. ಪಿವೋಟ್‌ನ ಒಳಗೇ ಕ್ಯಾಲ್ಕುಲೇಟೆಡ್ ಫೀಲ್ಡ್ ಮಾಡಿ ಕ್ಲೇಮನ್ನು ಪ್ರೀಮಿಯಮ್ಮಿನಿಂದ ಭಾಗಿಸಿ. ಅದು ಮೊದಲು ಎರಡನ್ನೂ ಕೂಡಿ ಆಮೇಲೆ ಭಾಗಿಸುತ್ತದೆ.

ಅಂಡರ್‌ರೈಟಿಂಗ್ ಪಡಸಾಲೆ

ಕ್ಲೇಮ್ ಅನುಪಾತದ ಮಾತು ಬಂದಾಗ ಒಂದು ಎಚ್ಚರಿಕೆ. ಭಾಗಿಸಬೇಕಾದದ್ದು ಬಂದ ಪ್ರೀಮಿಯಮ್ಮಿನಿಂದಲ್ಲ, ಗಳಿಕೆಯಾದ ಪ್ರೀಮಿಯಮ್ಮಿನಿಂದ. ಅಕ್ಟೋಬರ್ 1ರಂದು ಒಂದು ವರ್ಷಕ್ಕೆ ಶುರುವಾದ ಪಾಲಿಸಿಗೆ 12,000 ಬಂದಿದೆ. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸಿದರೆ ನಾವು ರಕ್ಷಣೆ ಕೊಟ್ಟಿರುವುದು 92 ದಿನ ಮಾತ್ರ. 12,000ವನ್ನು 92ರಿಂದ ಗುಣಿಸಿ 365ರಿಂದ ಭಾಗಿಸಿದರೆ 3,024.66. ಉಳಿದದ್ದು ಇನ್ನೂ ನಮ್ಮದಾಗಿಲ್ಲ.

ಇದಕ್ಕೆ ನಾನು ಹೊಸಬರಿಗೆ ಕಲಿಸುವ ಒಂದೇ ಸೂತ್ರವಿದೆ. ಪಾಲಿಸಿಯ ಮುಕ್ತಾಯ ಮತ್ತು ಲೆಕ್ಕದ ಅವಧಿಯ ಕೊನೆ, ಇವೆರಡರಲ್ಲಿ ಮೊದಲು ಬರುವುದನ್ನು ಮಿನ್‌ನಿಂದ ತೆಗೆಯಿರಿ. ಪಾಲಿಸಿಯ ಆರಂಭ ಮತ್ತು ಅವಧಿಯ ಆರಂಭ, ಇವೆರಡರಲ್ಲಿ ನಂತರ ಬರುವುದನ್ನು ಮ್ಯಾಕ್ಸ್‌ನಿಂದ ತೆಗೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆದು 1 ಕೂಡಿ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆಯಾಗುವಂತೆ ಇಡೀ ಸೂತ್ರಕ್ಕೆ ಇನ್ನೊಂದು ಮ್ಯಾಕ್ಸ್ ಹೊದಿಸಿ. ವರ್ಷದ ನಡುವೆ ಶುರುವಾದದ್ದು, ನಡುವೆ ಮುಗಿದದ್ದು, ಅವಧಿಗೆ ಸಂಬಂಧವೇ ಇಲ್ಲದ್ದು, ಎಲ್ಲಕ್ಕೂ ಇದೊಂದೇ ಸಾಕು. ಆ 1 ಮರೆತರೆ ಮೇಲಿನ ಪಾಲಿಸಿಯಲ್ಲಿ 91 ದಿನವಾಗಿ 32.88 ಕಡಿಮೆಯಾಗುತ್ತದೆ. ಒಂದು ಪಾಲಿಸಿಗೆ ಅಷ್ಟೇ ಎನಿಸಬಹುದು. ಸಾವಿರಾರು ಪಾಲಿಸಿಗಳಿಗೆ ಎಷ್ಟಾಗುತ್ತದೆ ಎಂದು ಒಮ್ಮೆ ಗುಣಿಸಿ ನೋಡಿ. ಪಾಲಿಸಿ ವರ್ಷದಲ್ಲಿ ಫೆಬ್ರುವರಿ 29 ಬಂದರೆ 366 ದಿನ, ಆದ್ದರಿಂದ 365 ಎಂದು ಬೆರಳಚ್ಚು ಮಾಡುವ ಬದಲು ಮುಕ್ತಾಯದಿಂದ ಆರಂಭವನ್ನು ಕಳೆದು 1 ಕೂಡಿ ಅದನ್ನೇ ಭಾಜಕವಾಗಿ ಬಳಸಿ.

ಜೀವ ವಿಮೆ ಮೂಲೆ

ನಮ್ಮ ಕಡೆ ವಯಸ್ಸಿನ ಲೆಕ್ಕವೇ ಮುಖ್ಯ. ಡೇಟ್‌ಡಿಫ್ ತುಂಬಿದ ವರ್ಷಗಳನ್ನು ಕೊಡುತ್ತದೆ. ಆದರೆ ಕೆಲವು ದರಪಟ್ಟಿಗಳು ಹತ್ತಿರದ ಹುಟ್ಟುಹಬ್ಬದ ವಯಸ್ಸನ್ನು ಕೇಳುತ್ತವೆ. 1985ರ ಆಗಸ್ಟ್ 15ರಂದು ಹುಟ್ಟಿದವರ ಪಾಲಿಸಿ 2025ರ ಮಾರ್ಚ್ 1ರಂದು ಶುರುವಾದರೆ ತುಂಬಿದ ವಯಸ್ಸು 39. ಹಿಂದಿನ ಹುಟ್ಟುಹಬ್ಬಕ್ಕೆ 198 ದಿನ, ಮುಂದಿನದಕ್ಕೆ 167 ದಿನ, ಆದ್ದರಿಂದ ಹತ್ತಿರದ ವಯಸ್ಸು 40. ಸೂತ್ರ ಬರೆಯುವ ಮೊದಲು ದರಪಟ್ಟಿಯ ಅಡಿಟಿಪ್ಪಣಿ ಓದಿ.

ವಿಲುಕಪ್ ಬಗ್ಗೆಯೂ ಒಂದು ಮಾತು. ಅದರ ನಾಲ್ಕನೆಯ ಜಾಗವನ್ನು ಬರೆಯದೆಯೇ ಬಿಟ್ಟರೆ ಅದು ಅಂದಾಜು ಹೊಂದಿಕೆ ಮಾಡುತ್ತದೆ. ಪಾಲಿಸಿ ಸಂಖ್ಯೆ ಹುಡುಕುವಾಗ ಅದು ವಿಷ, ಯಾರದೋ ಪಾಲಿಸಿಯನ್ನು ತಂದುಕೊಡುತ್ತದೆ. ಅದೇ ಗುಣ ವಯೋಗುಂಪಿನ ದರಪಟ್ಟಿಗೆ ಬೇಕೇಬೇಕು: 18, 26, 36, 46 ಎಂದು ಗುಂಪಿನ ಕೆಳಮಿತಿಗಳನ್ನು ಏರಿಕೆಯಲ್ಲಿ ಬರೆದಿಟ್ಟರೆ 39 ವಯಸ್ಸು ತಾನಾಗಿ 36ರ ಸಾಲಿಗೆ ಹೋಗುತ್ತದೆ. ಎಕ್ಸ್‌ಲುಕಪ್ ಇರುವ ಆವೃತ್ತಿ ಸಿಕ್ಕಿದರೆ ಅದನ್ನೇ ಬಳಸಿ. ಅದು ಹೇಳದೆಯೇ ನಿಖರ ಹೊಂದಿಕೆ ಮಾಡುತ್ತದೆ.

ದತ್ತಾಂಶ ಶುಚಿ

ದಿನಾಂಕಗಳ ಬಗ್ಗೆ ಬರೆಯದೆ ಇರಲಾರೆ. ತಿಂಗಳನ್ನು ಮೊದಲು ಬರೆದ ಫೈಲನ್ನು, ದಿನವನ್ನು ಮೊದಲು ಓದುವ ಕಂಪ್ಯೂಟರಿನಲ್ಲಿ ತೆರೆದಿದ್ದೀರಿ ಎಂದುಕೊಳ್ಳಿ. ಕಾಲಂ ನೋಡಿದರೆ ಕೆಲವು ದಿನಾಂಕಗಳು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ, ಕೆಲವು ಬಲಕ್ಕೆ ಸರಿದಿರುತ್ತವೆ. ಎಡಕ್ಕಿರುವವು ಎಕ್ಸೆಲ್‌ಗೆ ಅರ್ಥವಾಗದೆ ಪಠ್ಯವಾಗಿ ಉಳಿದವು, ಏಕೆಂದರೆ ಅವುಗಳಲ್ಲಿ 12ಕ್ಕಿಂತ ದೊಡ್ಡ ಅಂಕಿ ತಿಂಗಳ ಜಾಗದಲ್ಲಿದೆ. ಎಲ್ಲರೂ ಅವನ್ನು ತಿದ್ದಲು ಕೂರುತ್ತಾರೆ. ಕೆಟ್ಟಿರುವುದು ಬಲಕ್ಕಿರುವವು! ಏಪ್ರಿಲ್ 3 ಅಲ್ಲಿ ಮಾರ್ಚ್ 4 ಆಗಿ ಸುಮ್ಮನೆ ಕುಳಿತಿದೆ. ಪಾಲಿಸಿ ಶುರುವಾಗುವ ಮೊದಲೇ ಅವಘಡ ಆಗಿದೆ ಎಂದು ತೋರಿಸಿ, ನ್ಯಾಯವಾದ ಕ್ಲೇಮ್ ತಿರಸ್ಕಾರದ ಪಟ್ಟಿಗೆ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಶೀಟಿನ ಆಚೆ ತುದಿಯಲ್ಲಿ ಮನೆ ಸುಟ್ಟುಹೋದ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ. ಇದನ್ನು ನಾನು ಮರೆಯುವುದಿಲ್ಲ.

ಹುಟ್ಟಿದ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದ ಫೈಲುಗಳನ್ನೂ ನಂಬಬೇಡಿ. 28 ಎಂದರೆ ಎಕ್ಸೆಲ್‌ಗೆ 2028.

ತ್ರಿಕೋನ

ಒಂದು ವರ್ಷ ಕಳೆದ ಮೇಲೆ ಕಲಿಯಬೇಕಾದದ್ದನ್ನು ಈಗಲೇ ತೋರಿಸುತ್ತೇನೆ, ಆಸೆ ಹುಟ್ಟಲಿ. ಕ್ಲೇಮುಗಳ ಹಣ ಅಪಘಾತವಾದ ವರ್ಷವೇ ಪೂರ್ತಿ ಹೋಗುವುದಿಲ್ಲ. 2022ರ ಅಪಘಾತಗಳಿಗೆ 12 ತಿಂಗಳ ಕೊನೆಗೆ ಒಟ್ಟು 100 ಹೋಗಿತ್ತು, 24 ತಿಂಗಳಿಗೆ 150, 36 ತಿಂಗಳಿಗೆ 165. 2023ರವಕ್ಕೆ 120, ನಂತರ 180. 2024ರವಕ್ಕೆ ಸದ್ಯ 110 ಮಾತ್ರ. ಇವನ್ನು ಮೂರು ಸಾಲು, ಮೂರು ಕಾಲಂಗಳಲ್ಲಿ ಬರೆಯಿರಿ. ಕೆಳಬಲದ ಮೂಲೆ ಖಾಲಿ ಉಳಿದು ತ್ರಿಕೋನ ಕಾಣುತ್ತದೆ.

ಈಗ 12ರಿಂದ 24 ತಿಂಗಳಿಗೆ ಎಷ್ಟು ಪಟ್ಟು ಬೆಳೆಯಿತು? 150 ಮತ್ತು 180 ಸೇರಿ 330, 100 ಮತ್ತು 120 ಸೇರಿ 220, ಭಾಗಿಸಿದರೆ 1.5. 24ರಿಂದ 36ಕ್ಕೆ 165 ಭಾಗಿಸು 150, ಅಂದರೆ 1.1. ಹಾಗಿದ್ದರೆ 2023ರದ್ದು 198ಕ್ಕೆ ಹೋಗಿ ನಿಲ್ಲಬಹುದು, 2024ರದ್ದು 110ನ್ನು 1.5 ಮತ್ತು 1.1ರಿಂದ ಗುಣಿಸಿ 181.5. ಮೂರೂ ವರ್ಷ ಸೇರಿ 544.5. ಈವರೆಗೆ ಹೋಗಿರುವುದು 455. ಉಳಿದ 89.5 ಮುಂದೆ ಕೊಡಬೇಕಾದ ಹಣ, ಅದನ್ನು ಮೀಸಲಿಡಬೇಕು. 36 ತಿಂಗಳ ನಂತರ ಏನೂ ಹೋಗುವುದಿಲ್ಲ, ಬೆಳವಣಿಗೆಯ ರೀತಿ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಆಕ್ಚುವರಿಗಳು, ಅಂದರೆ ವಿಮೆಯ ಅಪಾಯದ ಲೆಕ್ಕ ಹಾಕುವ ತಜ್ಞರು, ಇದನ್ನು ಚೈನ್ ಲ್ಯಾಡರ್ ಎನ್ನುತ್ತಾರೆ. ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಇಲ್ಲ. ಖಾಲಿ ಶೀಟಿನಲ್ಲಿ ಇಂದು ಸಂಜೆಯೇ ಮಾಡಿ ನೋಡಿ.

ಒಳ ಪರಿಶೋಧಕ

ಅಭ್ಯಾಸ ಮಾಡಲು ಕಚೇರಿಯ ನಿಜವಾದ ಫೈಲನ್ನು ಮನೆಗೆ ಒಯ್ಯಬೇಡಿ, ನಿಮ್ಮ ಇಮೇಲ್‌ಗೂ ಕಳುಹಿಸಿಕೊಳ್ಳಬೇಡಿ. ಅದರಲ್ಲಿ ಜನರ ಕಾಯಿಲೆ, ವಿಳಾಸ, ಬ್ಯಾಂಕ್ ಖಾತೆ ಇರುತ್ತವೆ. ರ‍್ಯಾಂಡ್‌ಬಿಟ್ವೀನ್ ಸೂತ್ರದಿಂದ ಐನೂರು ಹುಸಿ ಪಾಲಿಸಿಗಳನ್ನು ಐದು ನಿಮಿಷದಲ್ಲಿ ಹುಟ್ಟಿಸಬಹುದು.

ಎರಡನೆಯದು, ಸಾಲುಗಳ ಎಣಿಕೆ. ಬಂದ ಫೈಲಿನಲ್ಲಿ ಎಷ್ಟು ಸಾಲು, ನಿಮ್ಮ ಶೀಟಿನಲ್ಲಿ ಎಷ್ಟು ಸಾಲು, ಒಟ್ಟು ಮೊತ್ತ ಎಷ್ಟು, ವ್ಯತ್ಯಾಸ ಎಷ್ಟು ಎಂಬುದನ್ನು ಶೀಟಿನ ತಲೆಯಲ್ಲಿಯೇ ತೋರಿಸಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಿಗೆ ಹಾಕಿದ್ದರು. ಅದರಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. ಈಗಿನ ಮಾದರಿಯಲ್ಲಿ 10,48,576 ಸಾಲುಗಳಿವೆ, ಆದರೆ ಹಳೆಯ ಮಾದರಿಯಲ್ಲಿ ಕಳುಹಿಸುವ ವ್ಯವಸ್ಥೆಗಳು ಇನ್ನೂ ಇವೆ. ಎಣಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಹೊಸ ಮೇಜು

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಳೆಯ ಫೈಲನ್ನು ಪಕ್ಕಕ್ಕಿಟ್ಟು ನನ್ನದೇ ಒಂದನ್ನು ಕಟ್ಟಿದೆ. ಮೊದಲ ಶೀಟಿನಲ್ಲಿ ಪ್ರತಿ ಫೈಲಿನ ಒಂದು ಸಾಲು ಎಂದರೆ ಏನು ಎಂದು ಬರೆದಿದ್ದೇನೆ. ಹಾಗೆ ಬರೆಯುವಾಗಲೇ ಒಂದು ಸಂಗತಿ ತಿಳಿಯಿತು: ನಮ್ಮ ಕ್ಲೇಮ್ ಫೈಲಿನಲ್ಲಿ ಒಂದು ಸಾಲು ಕ್ಲೇಮ್ ಅಲ್ಲ, ಪಾವತಿ. 418 ಸಾಲುಗಳಲ್ಲಿ ಇರುವ ಕ್ಲೇಮುಗಳು 391 ಮಾತ್ರ. ಕೆಲವು ಸಾಲುಗಳಲ್ಲಿ ಮೊತ್ತ ಋಣಾತ್ಮಕವಾಗಿದೆ. ಅವನ್ನು ಅಳಿಸಬೇಕೇ?

ಹಳೆಯ ಲೆಡ್ಜರ್

ಅಳಿಸಬೇಡಿ. ಚೆಕ್ ವಾಪಸಾದಾಗ ಅಥವಾ ತಪ್ಪು ಖಾತೆಗೆ ಹೋದ ಹಣವನ್ನು ಹಿಂಪಡೆದಾಗ ಹಾಗೆ ಬರುತ್ತದೆ. ಅಳಿಸಿದರೆ ಕೊಡದ ಹಣವನ್ನು ಕೊಟ್ಟಂತೆ ತೋರಿಸುತ್ತೀರಿ. ಮೊತ್ತಕ್ಕೆ ಎಲ್ಲ ಸಾಲುಗಳನ್ನೂ ಕೂಡಿ, ಸಂಖ್ಯೆಗೆ ಕ್ಲೇಮ್ ನಂಬರುಗಳನ್ನು ಮರುಕಳಿಸದಂತೆ ಎಣಿಸಿ. ಸರಾಸರಿ ಕ್ಲೇಮ್ ಕೇಳಿದಾಗ 391ರಿಂದ ಭಾಗಿಸಿ.

ಹೊಸ ಮೇಜು

ಹಾಗೆಯೇ ಮಾಡಿದೆ. ಇವತ್ತಿನ ಸೋಮವಾರ ವ್ಯತ್ಯಾಸದ ಸೆಲ್‌ನಲ್ಲಿ 1,450 ಕಾಣಿಸಿತು. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು: ಒಂದು ವಾಹನ ಪಾಲಿಸಿಯ ತಿದ್ದುಪಡಿ ಶುಕ್ರವಾರ ಸಂಜೆ ದಾಖಲಾಗಿದೆ, ನಮ್ಮ ಫೈಲಿಗೆ ಬಂದಿದೆ, ಲೆಕ್ಕಪತ್ರ ವಿಭಾಗದ ಫೈಲಿಗೆ ಬಂದಿಲ್ಲ. ಪಾಲಿಸಿ ಸಂಖ್ಯೆ ಸಮೇತ ಬರೆದು ಕಳುಹಿಸಿದೆ. ಅವರು ತಮ್ಮ ಅಂಕಿಯನ್ನು ತಿದ್ದಿಕೊಂಡು ಈಗಷ್ಟೇ ಉತ್ತರಿಸಿದರು.